ಬ್ರಿಗೇಡಿನ ಬಡಗಿ

ಮಂಗಳೂರಿನ ಸೈನ್ಯ ಭರ್ತಿಯಲ್ಲಿ ಓಟ ಪಾಸಾಗಿ, ಎದೆಯಳತೆ ಪಾಸಾಗಿ, ಕೊನೆಯ ಮೇಜಿನ ಎದುರು ನಿಂತಾಗ ಹಂಗಾರಕಟ್ಟೆಯ ಚಂದಯ್ಯನಿಗೆ ಒಂದು ಪ್ರಶ್ನೆ ಬಂತು: ಮನೆಯವರ ಕಸುಬು ಏನು? ದೋಣಿ ಕಟ್ಟುವುದು ಎಂದು ಹೆಮ್ಮೆಯಿಂದಲೇ ಹೇಳಿದ. ಬಂದೂಕು ಹಿಡಿಯಲು ಹೋದವನ ಕೈಗೆ ಹೀಗೆ ಉಳಿ, ಕೀಸುಳಿಗಳೇ ಮತ್ತೆ ಬಂದು ಸೇರಿದವು.

ತರಬೇತಿ ಮುಗಿದ ಮೇಲೆ ಅವನನ್ನು ಉತ್ತರದ ಹಿಮದ ಕಣಿವೆಯೊಂದಕ್ಕೆ, ಬ್ರಿಗೇಡ್ ಹೆಡ್‌ಕ್ವಾರ್ಟರ್ಸಿಗೆ ಹಾಕಿದರು. ಗಡಿ ಅಲ್ಲಿಂದ ಇನ್ನೂ ಮೇಲೆ ಇತ್ತು. ಮೇಲೆ ನಿಂತವರು ಕೆಲವೇ ಜನ. ಅವರಿಗೆ ರೊಟ್ಟಿ ಬೇಯಿಸುವವರು, ಲಾರಿ ಓಡಿಸುವವರು, ವೈರ್‌ಲೆಸ್ ನೋಡುವವರು, ಹೇಸರಗತ್ತೆಗಳಿಗೆ ಲಾಳ ಹೊಡೆಯುವವರು, ಕಾಗದ ಹಂಚುವವರು ಎಲ್ಲ ಕೆಳಗಿದ್ದರು. ಆ ಹೆಡ್‌ಕ್ವಾರ್ಟರ್ಸ್ ಅರವತ್ತರ ದಶಕದ ಯುದ್ಧದ ಕಾಲಕ್ಕೆ ನಾಲ್ಕು ಡೇರೆಗಳಿಂದ ಶುರುವಾದದ್ದಂತೆ. ಮೊದಲು ಹೇಸರಗತ್ತೆಗಳ ಲಾಯವಾಗಿದ್ದ ಕಲ್ಲಿನ ಕಟ್ಟಡವೇ ಚಂದಯ್ಯನ ಕಾಲಕ್ಕೆ ಬಡಗಿಗಳ ಶೆಡ್ಡಾಗಿತ್ತು. ಅಲ್ಲಿ ಅವನು ನಕ್ಷೆ ಹರಡುವ ಮೇಜು ಮಾಡಿದ, ಬಂಕರುಗಳಿಗೆ ಬಾಗಿಲು ಮಾಡಿದ, ಮೆಸ್ಸಿನ ಕುರ್ಚಿಗಳ ಕಾಲು ಕಟ್ಟಿದ.

ಮೊದಲ ಚಳಿಗಾಲದಲ್ಲೇ ಮೇಲಿನ ಒಂದು ಪೋಸ್ಟಿನ ಮೇಲೆ ಹಿಮ ಕುಸಿಯಿತು. ದಾರಿ ಮುಚ್ಚಿತ್ತು, ಕೆಳಗಿನಿಂದ ಏನೂ ಬರುವಂತಿರಲಿಲ್ಲ. ಸುಬೇದಾರ ಶೆಡ್ಡಿಗೆ ಬಂದು, ಇದ್ದ ಹಲಗೆಗಳಲ್ಲೇ ಪೆಟ್ಟಿಗೆ ಮಾಡಬೇಕು ಎಂದ. ಎಂಥ ಪೆಟ್ಟಿಗೆ ಎಂದು ಚಂದಯ್ಯ ಕೇಳಿದ. ಸುಬೇದಾರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಎಳೆದ. ಮನುಷ್ಯನ ಅಳತೆ.

ಅಂದಿನಿಂದ ಆ ಕೆಲಸ ಅವನ ಹೆಗಲಿಗೇ ಬಿತ್ತು. ಒಳಗಿನ ಹಲಗೆಯನ್ನೂ ಅವನು ಉಜ್ಜಿ ನುಣುಪು ಮಾಡುತ್ತಿದ್ದ. ಒಳಗೆ ಯಾರು ನೋಡುತ್ತಾರೆ ಎಂದು ಜೊತೆಯವರು ನಕ್ಕರೆ, ಸಿಬಿರು ಬಟ್ಟೆಗೆ ಸಿಕ್ಕಬಾರದು ಎನ್ನುತ್ತಿದ್ದ. ಮುಚ್ಚಳ ಹಾಕುವಾಗ ಪಕ್ಕದಲ್ಲಿ ನಿಲ್ಲಬೇಕಾಗುತ್ತಿತ್ತು. ಆದ್ದರಿಂದ ಹಿಮ ಏನು ಮಾಡುತ್ತದೆ, ಬೆಂಕಿ ಏನು ಮಾಡುತ್ತದೆ, ಪ್ರಪಾತ ಏನು ಮಾಡುತ್ತದೆ ಎಂಬುದೆಲ್ಲ ಅವನಿಗೆ ಗೊತ್ತಾಯಿತು. ರಜೆಯಲ್ಲಿ ಊರಿಗೆ ಬಂದಾಗ ಹೆಂಡತಿ ವನಜ, "ಅಲ್ಲ್ ನಿಮ್ಗೆ ಎಂತ ಕೆಲ್ಸ?" ಎಂದು ಕೇಳಿದರೆ, "ಮರದ ಕೆಲ್ಸ" ಎಂದಷ್ಟೇ ಹೇಳುತ್ತಿದ್ದ.

ನಿವೃತ್ತನಾಗಿ ಬಂದವನು ಸೋದರಮಾವ ದುಗ್ಗಪ್ಪನ ದೋಣಿ ಕಟ್ಟುವ ಶೆಡ್ಡಿಗೆ ಸೇರಿದ. ಅಳಿವೆಯ ಗಾಳಿ, ಎಣ್ಣೆಯ ವಾಸನೆ, ಹಲಗೆಗಳ ಸಂದಿಗೆ ಹತ್ತಿ ತುರುಕುವ ಸದ್ದು. ಆ ದಿನಗಳಲ್ಲಿ ಅವನು ಹಾಡಿಕೊಂಡು ಕೆಲಸ ಮಾಡುತ್ತಿದ್ದ ಎಂದು ವನಜ ಈಗಲೂ ಹೇಳುತ್ತಾಳೆ.

ಅಷ್ಟರಲ್ಲಿ ಬಿಜೂರಿನ ಯತೀಶ್ ಸತ್ತ ಸುದ್ದಿ ಬಂತು. ಮೇಲಿನ ಪೋಸ್ಟುಗಳಿಗೆ ಸೀಮೆಎಣ್ಣೆ, ಅಕ್ಕಿ ಸಾಗಿಸುವ ತುಕಡಿಯಲ್ಲಿ ಲಾರಿ ಚಾಲಕನಾಗಿದ್ದ ಹುಡುಗ. ಗದ್ದೆ, ತೆಂಗು ನಂಬಿದ ಮನೆ; ತಂದೆ ಇಲ್ಲ, ತಾಯಿ ಉಮಾವತಿಗೆ ಒಬ್ಬನೇ ಮಗ. ಪೆಟ್ಟಿಗೆಯನ್ನು ಎದುರುಗೊಳ್ಳಲು ಮಾಜಿ ಸೈನಿಕರೆಲ್ಲ ಹೆದ್ದಾರಿಯಲ್ಲಿ ನಿಂತಿದ್ದರು. ಚಂದಯ್ಯನೂ ಹೋಗಿದ್ದ. ಪೆಟ್ಟಿಗೆಯ ಜೊತೆಗೆ ಬಂದಿದ್ದ ಹವಿಲ್ದಾರ ಅವನನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಹೇಳಿದ: ಲಾರಿ ಪ್ರಪಾತಕ್ಕೆ ಬಿದ್ದು ಹೊತ್ತಿಕೊಂಡಿತು, ಒಳಗೆ ಹೆಚ್ಚೇನೂ ಇಲ್ಲ, ಮನೆಯವರು ತೆರೆಯದಂತೆ ನೋಡಿಕೊಳ್ಳಿ.

ಅಂಗಳದಲ್ಲಿ ಪೆಟ್ಟಿಗೆ ಇಳಿಸಿದ ಕೂಡಲೇ ಉಮಾವತಿಯ ಮೈದುನ ಅಜಿತ್ ಒಳಗಿನಿಂದ ಹಾರೆ ತಂದ.

"ಮುಚ್ಚಳ ತೆಗೀಲಿ. ಒಳ್ಗ್ ಯಾರಿದ್ರ್ ಅಂದ್ ಯಾರಿಗ್ ಗೊತ್?"

ಜನ ಹೌದು ಹೌದು ಎಂದರು. ಹವಿಲ್ದಾರನ ಹಿಂದಿ ಯಾರ ಕಿವಿಗೂ ಬೀಳಲಿಲ್ಲ. ಉಮಾವತಿ ಮುಚ್ಚಳದ ಅಂಚಿಗೆ ಉಗುರು ಹಾಕಿ ಕೀಳುತ್ತಿದ್ದಳು. ಚಂದಯ್ಯ ಅವಳ ಪಕ್ಕ ಮೊಣಕಾಲೂರಿ ಕುಳಿತು, ತಾಯಿಯನ್ನು ಕರೆಯುವಂತೆ ಕರೆದ.

"ಅಬ್ಬೀ, ತೆಗಿಬೇಡಿ."

"ನಿಂಗೆಂತ ಗೊತ್ ಒಳ್ಗಿಂದ್?"

"ಗೊತಿತ್ತ್. ನಾನ್ ಅಲ್ಲ್ ಇಂಥದೇ ಪೆಟ್ಟಿಗೆ ಮಾಡ್ತಿದ್ದವ. ಹೊಸ ಬಟ್ಟೆ ಹಾಸಿ ಮಲ್ಗ್ಸ್ತ್ರ್. ಈ ಬದಿ ತಲೆ. ಇಲ್ಲ್ ಕೈ ಇಡಿ, ಅವ್ನ್ ಹಣೆ ಇಪ್ಪುದ್ ಇಲ್ಲೇ."

ಉಮಾವತಿ ಅಂಗೈಯನ್ನು ಹಲಗೆಯ ಮೇಲೆ ಇಟ್ಟಳು. ತುಂಬ ಹೊತ್ತು ಸವರಿದಳು. ಅಜಿತ್ ಹಾರೆ ಕೆಳಗಿಟ್ಟ. ಪೆಟ್ಟಿಗೆ ಹಾಗೆಯೇ ಚಿತೆಗೇರಿತು.

ಯಾರೋ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರು. ಎರಡೇ ದಿನದಲ್ಲಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲರ ಫೋನಿನಲ್ಲೂ ಚಂದಯ್ಯನಿದ್ದ. ಹೊರಗಿನವರಿಗೆ ಅದು ಕಣ್ಣೀರು ತರಿಸುವ ವಿಡಿಯೋ. ಹಂಗಾರಕಟ್ಟೆಯವರಿಗೆ ಕೇಳಿಸಿದ್ದು ಒಂದೇ ಮಾತು: ಇವನು ಹೆಣದ ಪೆಟ್ಟಿಗೆ ಮಾಡಿದವ.

ಶೆಡ್ಡಿನಲ್ಲಿ ಆಗ ಅರ್ಧ ಕಟ್ಟಿದ್ದ ದೋಣಿ ಮೀನುಗಾರ ಬಚ್ಚ ಎಂಬವನದು. ಅವನು ಬಂದವನು ಚಂದಯ್ಯನ ಮುಖ ನೋಡದೆ ದುಗ್ಗಪ್ಪನನ್ನು ಕೂಗಿದ.

"ಹ್ವಾಯ್, ಈ ದೋಣಿ ಹತ್ತಿ ಕಡ್ಲಿಗ್ ಹೋಪುದ್ ನನ್ನ್ ಮಕ್ಳ್. ಹೆಣಕ್ಕ್ ಹಲಗೆ ಹೊಡ್ದ್ ಕೈ ಇದ್ಕೆ ಆತಿಲ್ಲೆ."

"ನೀನ್ ಹೇಳ್ದಾಂಗೆ ಮಾಡುವ," ಎಂದ ದುಗ್ಗಪ್ಪ. ಬಳಿಕ ಅಳಿಯನ ಕಡೆ ತಿರುಗಿ, "ನೀ ಹಾಕಿದ್ ಹಲಗೆ ನೀನೇ ತೆಗಿ. ಬೇರೆಯವ್ರ್ ಮುಟ್ಟುಕೆ ಹೆದ್ರ್ತ್ರ್" ಎಂದ.

ಚಂದಯ್ಯ ತಾನು ಕೂರಿಸಿದ ಹಲಗೆಗಳನ್ನು ಒಂದೊಂದಾಗಿ ಕಿತ್ತ. ಗಟ್ಟಿಯಾಗಿ ಕೂರಿಸಿದ್ದರಿಂದ ಕೀಳುವುದು ಸುಲಭವಿರಲಿಲ್ಲ. ಬಾಗಿಸಿದ ಹಲಗೆಗಳು ಸೀಳಿದವು. ಜೊತೆ ಕೆಲಸದವರು ಬೀಡಿ ಸೇದುತ್ತ ದೂರ ನಿಂತು ನೋಡಿದರು, ಒಬ್ಬನೂ ತುದಿ ಹಿಡಿಯಲಿಲ್ಲ. ಕಿತ್ತದ್ದನ್ನೆಲ್ಲ ರಾಶಿ ಹಾಕಿಸಿ ದುಗ್ಗಪ್ಪ ಅವನ ಎದುರೇ ಬೆಂಕಿ ಕೊಡಿಸಿದ. ಮರುದಿನ ಬರುವುದು ಬೇಡ ಎಂದು ಬೇರೆ ಹೇಳುವ ಅಗತ್ಯ ಬೀಳಲಿಲ್ಲ.

ಮೀನು ಮಾರಲು ಹೋಗುತ್ತಿದ್ದ ವನಜಳಿಗೂ ಬಿಸಿ ತಾಗಿತು. ಅವಳ ಬುಟ್ಟಿಯ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಜಲಜ ಒಂದು ಬೆಳಿಗ್ಗೆ ತನ್ನ ಬುಟ್ಟಿ ಎತ್ತಿಕೊಂಡು ಆಚೆ ಬದಿಗೆ ಹೋಗಿ ಕೂತಳು. ಬಾಲ್ಯದ ಗೆಳತಿ ಅವಳು.

ಇಷ್ಟಾದರೂ ಚಂದಯ್ಯನಿಗೆ ಒಂದು ಸಮಾಧಾನವಿತ್ತು. "ಆ ತಾಯಿ ನೆಮ್ಮದಿಲಿದ್ರೆ ಸಾಕ್ ಮರಾಯ್ತಿ," ಎಂದು ಹೆಂಡತಿಗೆ ಹೇಳುತ್ತಿದ್ದ.

ತಾಯಿ ನೆಮ್ಮದಿಯಲ್ಲಿರಲಿಲ್ಲ. ಅಜಿತ್ ಯಾರೋ ಜೋಯಿಸರನ್ನು ಕೇಳಿಕೊಂಡು ಬಂದಿದ್ದ: ಯತೀಶ್ ಸತ್ತಿಲ್ಲ, ಗಡಿಯಾಚೆ ಸೆರೆಯಲ್ಲಿದ್ದಾನೆ, ಪೆಟ್ಟಿಗೆ ಖಾಲಿ ಇತ್ತು. ಉಮಾವತಿ ಅದನ್ನು ನಂಬಿದಳು. ದಿನವೂ ಮಗನಿಗೊಂದು ಬಟ್ಟಲು ಇಟ್ಟು ಅನ್ನ ಬಡಿಸತೊಡಗಿದಳು. ಖಾಲಿ ಪೆಟ್ಟಿಗೆ ತೆರೆಯಲು ಬಿಡದವನು ಯಾರು ಎಂಬ ಪ್ರಶ್ನೆ ಬಂದಾಗ ಉತ್ತರ ಎಲ್ಲರ ಫೋನಿನಲ್ಲೂ ಇತ್ತು.

ಒಂದು ಮಧ್ಯಾಹ್ನ ಅವಳೂ ಅಜಿತನೂ ಬಸ್ಸಿಳಿದು ಚಂದಯ್ಯನ ಮನೆ ಹುಡುಕಿಕೊಂಡು ಬಂದರು. ನೆರೆಕರೆಯವರು ಬೇಲಿಯ ಹತ್ತಿರ ಸೇರಿದರು. ಉಮಾವತಿ ಅಂಗಳದಲ್ಲೇ ನಿಂತು ಕೂಗಿದಳು.

"ನನ್ ಮಗನ್ ಮೋರೆ ಕಾಂಬುಕೆ ಬಿಡ್ದವ ನೀನೇ ಅಲ್ದಾ? ನಿಂಗೆಷ್ಟ್ ಕೊಟ್ರ್? ಅವ ಜೀವಂತ ಇದ್ದ, ನೀ ಕಾಲಿ ಪೆಟ್ಟಿಗೆ ಸುಡ್ಸ್ದೆ ನನ್ ಕೈಲಿ! ನಿನ್ ಮನಿ ಹಾಳಾಯ್ಲಿ!"

"ಕೂಕಣಿ ಅಬ್ಬೀ," ಎಂದು ವನಜ ಜಗಲಿ ತೋರಿಸಿ ನೀರು ತಂದಳು. ಉಮಾವತಿ ಚೊಂಬನ್ನು ತಟ್ಟಿ ಬೀಳಿಸಿದಳು. ಬೇಲಿಯಾಚೆಯಿಂದ ಯಾರೋ, "ಹೇಳ್ ಮರಾಯ, ಬಾಯಿಲ್ಯಾ?" ಎಂದು ಕೆಣಕಿದರು. ಅಜಿತ್ ಚಂದಯ್ಯನ ಅಂಗಿ ಹಿಡಿದು ಜಗ್ಗಿದ.

ತಿಂಗಳುಗಳಿಂದ ತಾಳಿಕೊಂಡದ್ದು ಚಂದಯ್ಯನ ಕೈ ತಪ್ಪಿತು.

"ಮೋರೆ ಇದ್ದಿದ್ರೆ ನಾನೇ ಮುಚ್ಚಳ ತೆಗೀತಿದ್ದೆ ಅಬ್ಬೀ," ಎಂದ. "ಮೋರೆ ಇಲ್ಲ. ಎಂತದೂ ಇಲ್ಲ. ಸುಟ್ಟ್ ಕರಿ ಆಯಿತ್ತ್. ಒಂದ್ ಗಂಟ್ ಕಟ್ಟಿ ಇಟ್ಟಿದ್ರ್, ಅಷ್ಟೇ."

ಅಜಿತನ ಕೈ ಅಂಗಿಯಿಂದ ಜಾರಿತು. ಉಮಾವತಿ ಅಳಲಿಲ್ಲ. ತನ್ನ ಬಲಗೈಯನ್ನು ಮೇಲೆತ್ತಿ, ಅಂಗೈ ತಿರುಗಿಸಿ ನೋಡಿದಳು.

"ಹಂಗಾರೆ ಅವತ್ತ್ ನಾನ್ ಕೈ ಇಟ್ಟದ್ ಎಂತದ್ರ ಮೇಲೆ?"

ಅವಳು ಉತ್ತರಕ್ಕೆ ಕಾದಳು, ನಿಜವಾಗಿಯೂ ಕಾದಳು. ಆಮೇಲೆ ಮೈದುನನಿಗೂ ಹೇಳದೆ ರಸ್ತೆಯ ಕಡೆ ನಡೆದುಹೋದಳು.

ಕ್ಷಮೆ ಕೇಳಲು ಚಂದಯ್ಯ ಆ ವಾರವೇ ಬಿಜೂರಿಗೆ ಹೋದ. ಮನೆಯ ತನಕ ಅವನು ತಲುಪಲಿಲ್ಲ. ಗದ್ದೆಯ ಅಂಚಿನಲ್ಲೇ ಅಜಿತ್ ಅಡ್ಡ ಬಂದು, ತೆಂಗಿನ ಗರಿಯ ಬುಡದ ಹೆಡೆಮಟ್ಟೆಯಿಂದ ಬೆನ್ನಿಗೆ, ತೋಳಿಗೆ ಬಡಿದ. ನಾಟಿ ಮಾಡುತ್ತಿದ್ದ ಹೆಂಗಸರು ನಡು ಎತ್ತಿ ನೋಡಿ ಮತ್ತೆ ಬಗ್ಗಿದರು. ಚಂದಯ್ಯ ಕೈ ಅಡ್ಡ ಹಿಡಿಯಲಿಲ್ಲ. ಒಂದು ಏಟಿಗೆ ಬಲಗೈಯ ಹೆಬ್ಬೆರಳಿನ ಮೂಳೆ ಮುರಿದು ವಕ್ರವಾಗಿ ಕೂಡಿಕೊಂಡಿತು. ಉಳಿಯನ್ನು ಗಟ್ಟಿಯಾಗಿ ಹಿಡಿಯಲು ಆ ಬೆರಳು ಈಗ ಬರುವುದಿಲ್ಲ.

ಉಮಾವತಿ ಎರಡನೇ ಬಟ್ಟಲು ಇಡುವುದನ್ನು ನಿಲ್ಲಿಸಿದಳು ಎಂದು ಆಮೇಲೆ ಕೇಳಿಬಂತು. ಯಾರೊಂದಿಗೂ ಮಾತಾಡುವುದಿಲ್ಲವಂತೆ. ಜೋಯಿಸರ ಮಾತು ತಂದ ಅಜಿತನೇ, "ಅತ್ತಿಗೆನ್ನ ಜೀವಂತ ಕೊಂದವ ಆ ಬಡಗಿ" ಎಂದು ಕುಂದಾಪುರದ ಹೋಟೆಲುಗಳಲ್ಲಿ ಹೇಳುತ್ತ ತಿರುಗುತ್ತಾನೆ. ಕೇಳಿದವರು ತಲೆದೂಗುತ್ತಾರೆ.

ಚಂದಯ್ಯ ಈಗ ಕೋಟೇಶ್ವರದ ಒಂದು ಮದುವೆ ಹಾಲಿನಲ್ಲಿ ಕಾವಲುಗಾರ. ಖಾಕಿ ಅಂಗಿ, ಟೋಪಿ. ಕಾರುಗಳು ಬಂದಾಗ ಸೀಟಿ ಊದಿ ಜಾಗ ತೋರಿಸುತ್ತಾನೆ. ಹಂಗಾರಕಟ್ಟೆಯವರ ಮದುವೆ ಇದ್ದ ದಿನ ಮ್ಯಾನೇಜರರೇ ಅವನಿಗೆ ರಜೆ ಕೊಡುತ್ತಾರೆ. ಹೋದ ಮಳೆಗಾಲದಲ್ಲಿ ಅವನ ಮನೆಯ ಅಡುಗೆಕೋಣೆಯ ಬಾಗಿಲು ಉಬ್ಬಿ ಮುಚ್ಚದಾದಾಗ, ವನಜ ಬ್ರಹ್ಮಾವರದಿಂದ ಬೇರೊಬ್ಬ ಬಡಗಿಯನ್ನು ಕರೆಸಿದಳು. ಚಂದಯ್ಯ ಚಾವಡಿಯಲ್ಲಿ ಕುಳಿತು ನೋಡಿದ. ಬಂದವನು ಅವಸರದಲ್ಲಿ ಕೀಸಿ, ಬಾಗಿಲನ್ನು ಓರೆಯಾಗಿ ಕೂರಿಸಿ, "ಸರಿ ಆಯ್ತಾ ಕಾಣಿ" ಎಂದ.

"ಆಯ್ತ್," ಎಂದ ಚಂದಯ್ಯ.