ಬಿಳಿಚಿದ ಹವಳ ಸತ್ತ ಹವಳವಲ್ಲ

ಬೆಳಗಿನ ಐದೂವರೆ. ಕಡಲಂಚಿನ ಸಂಶೋಧನಾ ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ತೊಟ್ಟಿಯಕ್ಕ ಮೊಣಕೈವರೆಗೆ ಉಪ್ಪುನೀರಿಗೆ ಕೈಯಿಳಿಸಿ, ಹಳೆಯ ಟೂತ್‌ಬ್ರಷ್ಷಿನಿಂದ ಹವಳದ ತುಂಡುಗಳ ಬುಡ ಉಜ್ಜುತ್ತಿದ್ದಾರೆ. ಹದಿನಾರು ತೊಟ್ಟಿ, ಆರುನೂರು ತುಂಡು. ದಿನಕ್ಕೆ ನಾಲ್ಕು ಸಲ ನೀರಿನ ಬಿಸಿ ನೋಡಿ ಬರೆಯಬೇಕು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಹಾಜರಿ ಪುಸ್ತಕ ಬಿಟ್ಟರೆ ಅವರ ಹೆಸರು ಕೇಂದ್ರದಲ್ಲಿ ಇನ್ನೆಲ್ಲೂ ಇಲ್ಲ, ಎಲ್ಲರಿಗೂ ಅವರು ಬರೀ ತೊಟ್ಟಿಯಕ್ಕ. ಹೆತ್ತ ಮಕ್ಕಳಿಗಿಂತ ತೊಟ್ಟಿಯ ಮಕ್ಕಳ ಮೇಲೇ ಅಮ್ಮನಿಗೆ ಮುದ್ದು ಹೆಚ್ಚು ಎಂದು ಮಗಳು ಛೇಡಿಸುತ್ತಾಳೆ.

ನೀರು ಕಾದರೆ ಹವಳ ಬಿಳಿಚಿಕೊಳ್ಳುತ್ತದೆ. ಹಲವು ಸಾಯುತ್ತವೆ, ಕೆಲವು ತಡೆದುಕೊಂಡು ಮತ್ತೆ ಬಣ್ಣ ತುಂಬಿಕೊಳ್ಳುತ್ತವೆ. ಆ ಗಟ್ಟಿತನ ಯಾವ ವಂಶವಾಹಿಯಲ್ಲಿದೆ ಎಂದು ಇಲ್ಲಿನ ವಿಜ್ಞಾನಿ ಮೇಡಂ ಕೆಲವು ತೊಟ್ಟಿಗಳ ನೀರನ್ನು ಬೇಕೆಂದೇ ಕಾಯಿಸಿ ಹುಡುಕುತ್ತಿದ್ದಾರೆ. ಸಿಕ್ಕರೆ ಆ ತಳಿಯನ್ನೇ ಬೆಳೆಸಿ ಬೋಳಾದ ಕಡಲತಳದಲ್ಲಿ ನೆಡಬಹುದು. ಯಾವ ತುಂಡು ಯಾವ ತಾಯಿಹವಳದ್ದು ಎಂಬ ಗುರುತು ಮಾತ್ರ ತೊಟ್ಟಿಯಕ್ಕ ಕಟ್ಟಿದ ದಾರದ ಗಂಟುಗಳಲ್ಲಿದೆ. ಚೀಟಿಯ ಮೇಲಿನ ಬರಹ ಉಪ್ಪುನೀರಿಗೆ ಅಳಿಸಿಹೋಗುತ್ತಿದ್ದಾಗ ಆ ಉಪಾಯ ಹೂಡಿದ್ದು ಅವರೇ. ಒಂದು ಗಂಟು ಎಂದರೆ ಮೊದಲ ತಾಯಿ, ಐದೆಂದರೆ ಐದನೆಯದು.

ಕಳೆದ ತಿಂಗಳು ಮೇಲಿನವರೊಬ್ಬರು ಕೇಂದ್ರ ನೋಡಲು ಬರುವವರಿದ್ದರು. ಆ ದಿನ ತೊಟ್ಟಿಯಕ್ಕನಿಗೆ ವಾರದ ರಜೆ, ಮೇಡಂ ದೋಣಿಯಲ್ಲಿ ಕಡಲಿಗೆ ಹೋಗಿದ್ದರು. ಬಿಳಿಚಿದ ನಲವತ್ತು ತುಂಡುಗಳು ಸತ್ತಿವೆ, ನೋಡಲು ಚೆನ್ನಾಗಿಲ್ಲ ಎಂದು ವ್ಯವಸ್ಥಾಪಕರು ಎಲ್ಲವನ್ನೂ ಕಸದ ಡ್ರಮ್ಮಿಗೆ ಹಾಕಿಸಿದರು. ಆರು ವರ್ಷದಿಂದ ಹವಳದ ಕೇಂದ್ರ ನಡೆಸುತ್ತಿರುವ ಮಹಾನುಭಾವರಿಗೆ ಬಿಳಿಚಿದ್ದಕ್ಕೂ ಸತ್ತದ್ದಕ್ಕೂ ವ್ಯತ್ಯಾಸ ತಿಳಿಯದು. ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು.

ಕಾವಲುಗಾರ ಫೋನ್ ಮಾಡಿದ. ತೊಟ್ಟಿಯಕ್ಕ ಒಲೆ ಆರಿಸಿ ಓಡಿಬಂದು ಡ್ರಮ್ಮು ಉರುಳಿಸಿದರು.

"ಬೆರಳಿಗೆ ಲೋಳೆ ಅಂಟಿದ್ರೆ ಬದುಕಿದೆ ಅಂತ ಲೆಕ್ಕ. ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡ್ದೆ. ಹೆಚ್ಚಿನವು ಬಿಸಿಲಿಗೆ ಒಣಗಿ ಹೋಗಿದ್ವು. ಹನ್ನೊಂದು ಮಾತ್ರ ಅಂಟಿದ್ವು."

ಅದಕ್ಕೆ ಸಿಕ್ಕ ಉಡುಗೊರೆ ಏನು ಗೊತ್ತೇ? ವಿಲೇವಾರಿ ಮಾಡಿದ ವಸ್ತುಗಳನ್ನು ಅನುಮತಿಯಿಲ್ಲದೆ ಮುಟ್ಟಿದ್ದಕ್ಕೆ ಕಾರಣ ಕೇಳುವ ನೋಟಿಸು. ಮುಂದಿನ ವಾರವೇ, ಉಳಿದ ಹನ್ನೊಂದು ತುಂಡುಗಳ ತೊಟ್ಟಿಯ ಪಕ್ಕ ನಿಂತು ವ್ಯವಸ್ಥಾಪಕರು ವಾರ್ಷಿಕ ವರದಿಗೆ ಫೋಟೊ ತೆಗೆಸಿಕೊಂಡರು. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ. ಇರಲಿ, ನಾನು ಆಡಿಯೇ ತೀರುತ್ತೇನೆ.

ಹನ್ನೊಂದರಲ್ಲಿ ಮೂರು ತುಂಡುಗಳ ತುದಿಗೆ ಈಗ ಕಂದು ಬಣ್ಣ ಏರುತ್ತಿದೆ. ಮೂರಕ್ಕೂ ಐದೈದು ಗಂಟು, ಅಂದರೆ ಒಂದೇ ತಾಯಿ. ಮೇಡಂ ನಾಲ್ಕು ವರ್ಷ ಹುಡುಕಿದ್ದು ಇದನ್ನೇ ಇರಬಹುದು. ಖಚಿತವಾಗಿ ಹೇಳಲು ಆ ತಾಯಿಯ ಇನ್ನಷ್ಟು ತುಂಡು ಬೇಕಿತ್ತು. ಅವು ಡ್ರಮ್ಮಿನಲ್ಲಿ ಸತ್ತವು. ಮತ್ತೆ ಮೊದಲಿನಿಂದ ಬೆಳೆಸಬೇಕು.

ನಿಮಗೇನು ಬೇಕು ಎಂದರೆ ತೊಟ್ಟಿಯಕ್ಕ ಬ್ರಷ್ ಝಾಡಿಸುತ್ತಾರೆ. "ನನ್ನ ಹೆಸರು ಎಲ್ಲೂ ಹಾಕೋದು ಬೇಡ. ಬೆಳ್ಳಗಿದ್ರೂ ಜೀವ ಇದೆ, ಬಿಸಾಕ್ಬೇಡಿ ಅಂತ ಇಲ್ಲೊಂದು ಬೋರ್ಡ್ ಹಾಕಿಸ್ಲಿ, ಸಾಕು."

ಅರ್ಜಿ ಕೊಟ್ಟು ತಿಂಗಳಾಗುತ್ತ ಬಂತು. ಹೊಸ ಬಣ್ಣದ ಗೋಡೆಗೆ ಮೊಳೆ ಹೊಡೆಯುವಂತಿಲ್ಲವಂತೆ. ಇವತ್ತು ಅವರ ವಾರದ ರಜೆಯಲ್ಲವೇ ಎಂದು ನೆನಪಿಸಿದೆ.

"ಹೌದು," ಎನ್ನುತ್ತ ಅವರು ಮುಂದಿನ ತುಂಡನ್ನು ಕೈಗೆತ್ತಿಕೊಂಡರು. "ಬೋರ್ಡ್ ಬರೋವರೆಗೂ ನಾನೇ ಬೋರ್ಡು."