ಅಕ್ಕನ ಅಡುಗೆಮನೆಗೆ ಮೇಷ್ಟ್ರು ಮಾಡಿದ ಖಾನೆಗಳು

ಮರಗೆಲಸ ಕಲಿಸುವವರಲ್ಲಿ ಅಪ್ಪಟ ಮರದ ಮೇಲೆ ಕೈ ಪಳಗಿಸಿಕೊಂಡವರು ಅನೇಕರು. ಗಟ್ಟಿಮರದ ಹೊರಪದರವಿರುವ ಪ್ಲೈವುಡ್ಡನ್ನು ಅಷ್ಟೇ ಗೌರವದಿಂದ ಕಂಡವರು ಕಡಿಮೆ. ಈ ವರ್ಷ ನಮ್ಮ ತರಬೇತಿ ಶಾಲೆಯಿಂದ ನಿವೃತ್ತರಾಗುತ್ತಿರುವ ಮರಗೆಲಸದ ಮೇಷ್ಟ್ರು ಆ ಕೆಲವರಲ್ಲಿ ಒಬ್ಬರು. ಅವರ ಬಳಿ ಕಲಿತೂ ಮರ ಒಲಿಯದೆ ಪತ್ರಿಕೆಯ ಕೆಲಸ ಹಿಡಿದ ನನಗೆ ಹೊಗಳುವುದಕ್ಕಿಂತ ಕಂಡದ್ದನ್ನು ಹೇಳುವುದೇ ಅಭ್ಯಾಸ.

ಅವರು ಸೇರಿದ ಹೊಸದರಲ್ಲಿ ಶಾಲೆಯ ಯಂತ್ರಗಳಿಗಿಂತ ಅವುಗಳ ಹೊದಿಕೆಗಳೇ ಸುಸ್ಥಿತಿಯಲ್ಲಿದ್ದವು. ಮೇಷ್ಟ್ರು ತಮ್ಮ ಮನೆಯ ಹಿಂದಿನ ಕೋಣೆಯನ್ನೇ ಕಾರ್ಯಾಗಾರ ಮಾಡಿ, ಸಂಜೆ ನಮ್ಮನ್ನು ಕರೆಸಿಕೊಳ್ಳುತ್ತಿದ್ದರು. ಕೋಣೆ ಚಿಕ್ಕದು, ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ಕೊಯ್ಯುವಾಗ ಅದರ ತುದಿ ಬಾಗಿಲು ದಾಟಿ ಅಡುಗೆಮನೆ ಸೇರುತ್ತಿತ್ತು. "ನಿಮ್ಮ ಮರ ನನ್ನ ಒಲೆ ಹತ್ರ ಬಂತು ಅಂದ್ರೆ ಸೌದೆ ಅಂದ್ಕೋತೀನಿ" ಎಂದು ಅವರ ಪತ್ನಿ ಒಳಗಿನಿಂದಲೇ ಎಚ್ಚರಿಸುತ್ತಿದ್ದರು.

ಗೆರೆಯ ಮೇಲೆ ಮೊದಲು ಚಾಕು, ಆಮೇಲೆ ಗರಗಸ. ಇಲ್ಲವಾದರೆ ಅಂಚಿನಲ್ಲಿ ಸಿಬಿರೇಳುತ್ತದೆ. ಉಜ್ಜುವ ಮುನ್ನ ಮೈಯೆಲ್ಲ ಪೆನ್ಸಿಲಿನಿಂದ ತೆಳ್ಳಗೆ ಗೀಚಬೇಕು. ಗೀಚು ಮಾಯವಾದೊಡನೆ ಕೈ ನಿಲ್ಲಬೇಕು. ಹೊರಪದರದ ದಪ್ಪ ಉಗುರಿನಷ್ಟೂ ಇಲ್ಲ. ಅದು ಸವೆದುಹೋದರೆ ಒಳಗಿನ ಬಿಳಿಚಿದ ಮರ ಕಾಣುತ್ತದೆ, ಯಾವ ಪಾಲಿಶ್ಶೂ ಅದನ್ನು ಮುಚ್ಚದು. ಹಾಗೆ ಕೆಟ್ಟ ಹಲಗೆ ಮುಂಭಾಗಕ್ಕೆ ಬರಕೂಡದು ಎಂಬುದು ಅವರ ನಿಯಮ. ತಂದವನಿಗೆ ಸೊನ್ನೆ. ಸೊನ್ನೆ ಪಡೆದವನನ್ನು ಭಾನುವಾರ ಮನೆಗೆ ಕರೆದು, ತಮ್ಮದೇ ತುಂಡು ಕೊಟ್ಟು ಮತ್ತೆ ಮಾಡಿಸುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅವರ ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದರು. ಕುಳಿತಲ್ಲಿಂದ ಕೈಗೆಟಕುವ ಅಡುಗೆಕಟ್ಟೆಯೂ ಖಾನೆಗಳೂ ಸಿದ್ಧವಾದರೆ ಆಸ್ಪತ್ರೆಯಿಂದ ಸ್ವಂತ ಮನೆಗೆ, ಇಲ್ಲದಿದ್ದರೆ ಮಗನ ಮನೆಗೆ ಎಂದು ತೀರ್ಮಾನವಾಯಿತು. ಅಕ್ಕ ತಮ್ಮನನ್ನು ಹತ್ತಿರ ಕರೆದು ಹೇಳಿದ್ದರು: "ಅಲ್ಲಿ ಎಲ್ಲರೂ ಒಳ್ಳೆಯವರೇ ಕಣೋ. ಆದ್ರೆ ಒಂದ್ಸಲ ಹೋದ್ರೆ ನಾನು ನೆಂಟಳು. ನೆಂಟರು ಸೌಟು ಮುಟ್ಟೋ ಹಾಗಿಲ್ಲ."

ಮೇಷ್ಟ್ರು ಖಾನೆಗಳ ಮುಖದ ಹಲಗೆಗಳನ್ನೆಲ್ಲ ಒಂದೇ ಹಾಳೆಯಿಂದ, ಮರದ ಎಳೆ ಒಂದರಿಂದ ಇನ್ನೊಂದಕ್ಕೆ ಹರಿಯುವಂತೆ ಕೊಯ್ದರು. ಅಕ್ಕ ಬರುವ ಹಿಂದಿನ ದಿನ ನಾನು ಕೈ ಆಸರೆಗೆಂದು ಹೋಗಿದ್ದೆ. ಕೊನೆಯ ಮುಖ ಉಳಿದಿತ್ತು. ಆತುರದಲ್ಲಿ ಮೇಷ್ಟ್ರು ಪೆನ್ಸಿಲ್ ಹಿಡಿಯಲಿಲ್ಲ. ಅಂಗೈಯಗಲ ಬಿಳಿ ಎದ್ದಿತು. ಜೊತೆಗೆ ಹೊಂದುವ ಹಾಳೆ ಅಂಗಡಿಯಲ್ಲಿರಲಿಲ್ಲ. ತರಿಸಲು ತಿಂಗಳು ಬೇಕೆಂದರು.

ಸುದ್ದಿ ತಿಳಿದು ಬಂದ ಅಕ್ಕನ ಮಗ, "ಆ ಒಂದು ತಿಂಗಳು ಅಮ್ಮ ನಮ್ಮನೇಲೇ ಇರ್ಲಿ ಬಿಡಿ ಮಾವ" ಎಂದ. ಮೇಷ್ಟ್ರು ಹಲಗೆಯ ಮುಂದೆ ಕುಳಿತಿದ್ದರು. ಅವರ ಪತ್ನಿ ಬಂದು ನೋಡಿದರು.

"ನಿಮ್ಮಕ್ಕಂಗೆ ಬೇಕಾಗಿರೋದು ಖಾನೆಯೋ, ಪ್ರದರ್ಶನಕ್ಕಿಡೋ ಹಲಗೆಯೋ?"

ಮೇಷ್ಟ್ರು ಎದ್ದು ಅರಗಿನ ಪಾಲಿಶ್ ಕಲಸಿದರು. ಸಂಜೆಯೊಳಗೆ ಆ ಹಲಗೆ ಅಕ್ಕನ ಅಡುಗೆಮನೆಯಲ್ಲಿ ಅದರ ಜಾಗದಲ್ಲೇ, ಎಲ್ಲರಿಗೂ ಕಾಣುವಂತೆ ಕೂತಿತು.

ಮರುದಿನ ಅಕ್ಕನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. "ಇದೇನೋ, ಹಲಗೆ ಮೊಣಕಾಲು ತರಚಿಕೊಂಡಿದೆ?"

"ನಾನೇ ಜಾಸ್ತಿ ಉಜ್ಜಿಬಿಟ್ಟೆ ಅಕ್ಕ."

"ಸರಿ, ಕುರ್ಚಿ ಮುಂದಕ್ಕೆ ತಳ್ಳು. ಹಾಲಿಡಬೇಕು." ಆಮೇಲೆ ಮಗನ ಕಡೆ ತಿರುಗಿ, "ನೀನೂ ಕಾಫಿ ಕುಡಿದೇ ಹೊರಡು" ಎಂದರು. ಅದರೊಂದಿಗೆ ಯಾರು ಎಲ್ಲಿರಬೇಕೆಂಬ ಚರ್ಚೆ ಮುಗಿಯಿತು.

ಆ ವರ್ಷದಿಂದ ಮೇಷ್ಟ್ರ ನಿಯಮ ತುಸು ಸಡಿಲವಾದುದನ್ನು ಶಾಲೆಯ ಕಿರಿಯರು ಹೇಳುತ್ತಾರೆ. ಸವೆದ ಹಲಗೆ ಕಂಡರೆ ಈಗಲೂ ಅವರ ಹುಬ್ಬು ಗಂಟಿಕ್ಕುತ್ತದೆ. ಆದರೆ ಸೊನ್ನೆ ಹಾಕುವ ಮೊದಲು, ಇದು ಯಾರಿಗಾಗಿ, ಯಾವತ್ತಿಗೆ ಬೇಕಾಗಿತ್ತು ಎಂದು ಕೇಳುತ್ತಾರೆ. ಕುಳಿತು ಅಡುಗೆ ಮಾಡುವ ಇನ್ನೂ ಕೆಲವರ ಮನೆಗಳಿಗೆ ಅವರು ಕಟ್ಟೆ ಮಾಡಿಕೊಟ್ಟಿದ್ದಾರೆ. ಅವು ಯಾವುವೂ ತರಚಿಲ್ಲ.

ಅವರ ಕಣ್ಣು, ಕೈ, ಗರಗಸದ ಹಲ್ಲು ಮೂರೂ ಬಹುಕಾಲ ಚುರುಕಾಗಿರಲಿ, ಆಯುಷ್ಯ ದೀರ್ಘವಾಗಲಿ. ವಿಶ್ರಾಂತಿಯನ್ನು ಮಾತ್ರ ನಾನು ಹಾರೈಸಲಾರೆ. ನಿವೃತ್ತಿಯ ವಿಷಯ ತಿಳಿಸಿದಾಗ ಅಕ್ಕ ಹೇಳಿದ್ದಿಷ್ಟು: "ನಿವೃತ್ತಿ ಶಾಲೆಗೆ ತಾನೇ? ನನ್ನ ಮೇಲಿನ ಕಪಾಟು ಇನ್ನೂ ಮೇಲೇ ಇದೆ."