ಮದುವೆ ಊಟ ಮಾಡದ ಓಂಕಾರಣ್ಣ

ಓಂಕಾರಣ್ಣ ಹೋಗಿಬಂದ ಮದುವೆಗಳಿಗೆ ಲೆಕ್ಕವಿಲ್ಲ. ಆದರೆ ಅವರು ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದನ್ನು ಕಂಡವರು ಹೊಸದುರ್ಗದಲ್ಲಿ ಯಾರೂ ಇರಲಿಲ್ಲ. ಅವರ ಕ್ಯಾಮೆರಾ ಬ್ಯಾಗಿನ ಪಕ್ಕದ ಜೇಬಿನಲ್ಲಿ ಸದಾ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಅದರೊಳಗೆ ಮುರಿದಿಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಒಳಗೆ ಜನ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರೆ ಇವರು ಛತ್ರದ ಹಿಂದೆ ಜನರೇಟರ್ ಪಕ್ಕ ಕೂತು ರೊಟ್ಟಿ ಅಗಿಯುತ್ತಿದ್ದರು. ಕರೆಯಲು ಬಂದವರಿಗೆಲ್ಲ ಒಂದೇ ಉತ್ತರ: "ಆಯ್ತು ಸ್ವಾಮಿ, ನೀವು ನಡೀರಿ, ಬಂದೆ." ಬರುತ್ತಿರಲಿಲ್ಲ.

ನನ್ನ ಬ್ಯೂಟಿ ಪಾರ್ಲರ್ ಅವರ ಸ್ಟುಡಿಯೋಗೆ ಅಂಟಿಕೊಂಡೇ ಇತ್ತು. ನಡುವೆ ಒಂದು ಗೋಡೆ, ಅದೂ ತೆಳ್ಳಗಿನದು. ಮದುಮಗಳು ಮೊದಲು ನನ್ನ ಕೈಗೆ ಸಿಗುತ್ತಿದ್ದಳು, ಆಮೇಲೆ ಅವರ ಕಣ್ಣಿಗೆ. ಹೀಗಾಗಿ ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗ ಅಂತ ಎಷ್ಟೋ ಮದುವೆಗಳಿಗೆ ಒಂದೇ ಬಸ್ಸಿನಲ್ಲಿ ಹೋಗಿದ್ದೇವೆ. ನನ್ನ ವ್ಯವಹಾರ ಸಲೀಸು. ದುಡ್ಡು ಕೈಗೆ ಬಂದ ಮೇಲೇ ಮದುಮಗಳ ಹಣೆಗೆ ಕೊನೆಯ ಬೊಟ್ಟು ಇಡುವವಳು ನಾನು. ಬೊಟ್ಟಿಲ್ಲದೆ ಮದುಮಗಳನ್ನು ಹಸೆಮಣೆಗೆ ಕಳಿಸುವ ತಾಯಿ ಇನ್ನೂ ಹುಟ್ಟಿಲ್ಲವಲ್ಲ! ಓಂಕಾರಣ್ಣನ ಕೈಯಲ್ಲಿ ಅಂಥ ಬೊಟ್ಟು ಇರಲಿಲ್ಲ. ಮುಂಗಡ ಅಂತ ಒಂದಿಷ್ಟು, ಉಳಿದದ್ದು ಆಲ್ಬಮ್ ಬಂದ ಮೇಲೆ. ಆಲ್ಬಮ್ ಬರುವಷ್ಟರಲ್ಲಿ ಮದುವೆ ಮನೆಯ ಕೈ ಖಾಲಿಯಾಗಿ, ಮಾತೂ ತಣ್ಣಗಾಗಿರುತ್ತಿತ್ತು.

"ಮದುವೆ ಮನೇಲಿ ಹೂವಿನೋನಿಗೆ ಮೊದಲು ದುಡ್ಡು ಕೊಡ್ತಾರೆ, ಫೋಟೋದೋನಿಗೆ ಕೊನೇಗೆ," ಅನ್ನುತ್ತಿದ್ದರು. "ಹೂವು ಬಾಡ್ತೈತೆ, ಫೋಟೋ ಬಾಡಲ್ಲ ಅಂತ ಜನಕ್ಕೆ ಚೆನ್ನಾಗಿ ಗೊತ್ತೈತೆ ಕಣಮ್ಮ."

ಊಟದ ವಿಷಯ ನಾನೇ ಒಂದು ದಿನ ಕೆದಕಿ ಕೇಳಿದೆ. ವ್ರತವೋ, ಹರಕೆಯೋ, ಜಾತಿಯ ಮಡಿಯೋ ಅಂತ ಊರೆಲ್ಲ ಏನೇನೋ ಆಡಿಕೊಳ್ಳುತ್ತಿತ್ತು. ಅವರು ಲೆನ್ಸ್ ಒರೆಸುತ್ತಾ ಹೇಳಿದರು: "ಉಪ್ಪು ತಿಂದ ಮನೆ ಬಾಗ್ಲಾಗೆ ನಿಂತು ಬಾಕಿ ಕೇಳಾಕೆ ನಾಲಿಗೆ ಏಳಲ್ಲ ಗಿರಿಜಮ್ಮ. ಶುರುವಿನಾಗೆ ನಾನೂ ಉಣ್ತಿದ್ದೆ. ಬಾಕಿ ಕೇಳಾಕೆ ಹೋದ್ರೆ 'ಬರ್ರಿ, ಕುಂತ್ಕಳ್ರಿ, ಅವತ್ತು ಹೋಳಿಗೆ ಹೆಂಗಿತ್ತು' ಅನ್ನೋರು. ಹೋಳಿಗೆ ಚೆನ್ನಾಗಿತ್ತು ಅಂತ ಹೇಳಿ ವಾಪಸ್ ಬರೋನು. ಅದಕ್ಕೇ ನಿಲ್ಲಿಸ್ದೆ. ಬಾಕಿ ಚುಕ್ತಾ ಆದ ಮನೇಲಿ ಕರೆದ್ರೆ ಉಣ್ತೀನಿ. ಅದಕ್ಕೆ ಮುಂಚೆ ನೀರೂ ಕುಡಿಯಲ್ಲ." ನನಗೆ ನಗು ಬಂತು. ಆದರೆ ಆ ಮಾತಿನ ಹಿಂದೆ ಎಷ್ಟು ವರ್ಷಗಳ ಹಸಿವಿದೆ ಅನ್ನಿಸಿ ನಗಲಾಗಲಿಲ್ಲ.

ಹಿರೇಗುಂಟನೂರಿನ ಒಂದು ಮದುವೆಯಲ್ಲಿ ಇದು ದೊಡ್ಡ ರಾದ್ಧಾಂತವಾಯಿತು. ಕುರಿ ಸಾಕುವ ಮನೆ, ದೊಡ್ಡ ಬಳಗ. ಮದುಮಗಳ ಅಜ್ಜಿಗೆ ಫೋಟೋದವನು ಉಂಡಿಲ್ಲ ಅನ್ನುವುದು ಹೇಗೋ ಗೊತ್ತಾಗಿ, ಕೋಲೂರಿಕೊಂಡು ಜನರೇಟರ್ ತನಕ ಬಂದಳು.

"ನಮ್ಮನೆ ಅನ್ನ ಕಹಿ ಐತೇನಪ್ಪ ನಿಂಗೆ?"

"ಇಲ್ಲಜ್ಜಿ, ಇವತ್ತು ಒಪ್ಪತ್ತು."

"ಒಪ್ಪತ್ತು ಮಾಡೋನು ಡಬ್ಬೀಲಿ ಏನಿಟ್ಕಂಡಿದೀಯಲೇ?"

ಅಜ್ಜಿ ಒಳಗೆ ಹೋಗಿ ಹೋಳಿಗೆ ತರಿಸಿ, ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಕಸಿದು ನಾಯಿಗೆ ಹಾಕಿ, ಡಬ್ಬಿ ತುಂಬ ಹೋಳಿಗೆ ಒತ್ತಿದಳು. "ನೀನು ತಿನ್ನಬ್ಯಾಡ, ನಿನ್ನ ಹೆಂಡ್ತಿ ತಿನ್ಲಿ." ಬಸ್ಸು ಊರು ದಾಟಿದ ಮೇಲೆ ಓಂಕಾರಣ್ಣ ಆ ಡಬ್ಬಿಯನ್ನು ಹಾಗೇ ನನ್ನ ತೊಡೆಯ ಮೇಲಿಟ್ಟರು. "ನೀನು ಆಗ್ಲೇ ದುಡ್ಡು ಇಸ್ಕಂಡಿದೀಯಲ್ಲ, ನೀನು ತಿನ್ನು." ಹೊಸದುರ್ಗ ಬರುವ ತನಕ ನಾನು ಹೋಳಿಗೆ ತಿಂದೆ, ಅವರು ಕಿಟಕಿಯಾಚೆ ನೋಡಿದರು.

ಕೆಲಸದಲ್ಲಿ ಅವರು ಗಟ್ಟಿ ಮನುಷ್ಯ. ಮಂಟಪದ ಮೇಲಿನ ನೂಕುನುಗ್ಗಲಿನಲ್ಲಿ ಯಾರಿಗೂ ಜಾಗ ಬಿಡುತ್ತಿರಲಿಲ್ಲ. ಮುಯ್ಯಿ ಹಾಕಲು ಬಂದ ಒಬ್ಬೊಬ್ಬರನ್ನೂ ನಿಲ್ಲಿಸಿ, "ಅಮ್ಮ, ಸೆರಗು ಸರಿ ಮಾಡ್ಕಳಿ. ಯಜಮಾನ್ರೇ, ಕಣ್ಣು ಬಿಡ್ರಿ" ಅಂತ ಹೇಳಿಯೇ ತೆಗೆಯುತ್ತಿದ್ದರು. ಆದರೆ ಕಾಲ ಅವರ ಕಡೆ ಇರಲಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಗುರುವೋ ಶುಕ್ರನೋ ಅಸ್ತವಾಗಿ ಮೌಢ್ಯ ಬಂದರೆ ಆ ದಿನಗಳೂ ಹೋದವು. ಉಳಿದ ದಿನಗಳಲ್ಲಿ ಒಳ್ಳೆಯ ಮುಹೂರ್ತ ಅಂದರೆ ಎಲ್ಲರಿಗೂ ಅದೇ ಮುಹೂರ್ತ. ಒಂದೇ ದಿನ ಊರೆಲ್ಲ ಮದುವೆ, ಮರುದಿನದಿಂದ ನೊಣ ಹೊಡೆಯಬೇಕು. ಅದರ ಮೇಲೆ ದಾವಣಗೆರೆ, ಬೆಂಗಳೂರು ಕಡೆಯಿಂದ ಡ್ರೋನ್ ಹಾರಿಸುವ ತಂಡಗಳು ಬರಲು ಶುರುವಾದವು. ದುಡ್ಡಿದ್ದವರು ಅವರ ಹಿಂದೆ ಹೋದರು. ದುಡ್ಡಿಲ್ಲದವರ ಪಾಲಿಗೆ ಕಂತಿನಲ್ಲಿ ಕ್ಯಾಮೆರಾ ಕೊಂಡು ಅರ್ಧ ರೇಟಿಗೆ ಬರುವ ಹುಡುಗರಿದ್ದರು. ನಡುವೆ ಓಂಕಾರಣ್ಣ ನಿಂತರು. "ಆಲ್ಬಮ್ ಬ್ಯಾಡ, ಪೆನ್‌ಡ್ರೈವಿಗೆ ಹಾಕ್ಕೊಡ್ರಿ ಸಾಕು" ಅನ್ನುವವರು ಹೆಚ್ಚಾದರು. ಆಲ್ಬಮಿನಲ್ಲಿ ಉಳಿಯುತ್ತಿದ್ದ ನಾಲ್ಕು ಕಾಸಿಗೂ ಕಲ್ಲು ಬಿತ್ತು.

ಅವರೂ ಕಾಲಕ್ಕೆ ತಕ್ಕ ಹಾಗೆ ಕುಣಿಯಲು ನೋಡಿದರು, ಪಾಪ. ಹಳೆಯದನ್ನು ಮಾರಿ, ಫೈನಾನ್ಸಿನಲ್ಲಿ ಸಾಲ ಮಾಡಿ ಹೊಸ ಕ್ಯಾಮೆರಾ ತಂದರು. ಅದನ್ನು ಮಗುವಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ ತಂದು ನನಗೆ ತೋರಿಸಿದ್ದರು. ಮದುವೆಗೆ ಮುಂಚಿನ ಜೋಡಿ ಫೋಟೋ ತೆಗೆಯಲು ಯಲ್ಲದಕೆರೆಯ ಒಂದು ಜೋಡಿಯನ್ನು ಮಾರಿಕಣಿವೆ ಅಣೆಕಟ್ಟಿಗೆ ಕರೆದುಕೊಂಡು ಹೋದರು. ಮೇಕಪ್ಪಿಗೆ ನಾನೂ ಹೋಗಿದ್ದೆ. ಹುಡುಗ ಹುಡುಗಿಯ ಸೊಂಟಕ್ಕೆ ಕೈ ಹಾಕಿದ ಕೂಡಲೇ ಓಂಕಾರಣ್ಣ ಕ್ಯಾಮೆರಾ ಇಳಿಸಿ ನೀರಿನ ಕಡೆ ತಿರುಗಿ ನಿಂತರು. "ಇನ್ನೂ ತಾಳಿ ಕಟ್ಟಿಲ್ಲ ಕಣಪ್ಪ, ಸ್ವಲ್ಪ ಆಚೆ ನಿಂತ್ಕ." ಕೊನೆಗೆ ಜೊತೆಗೆ ಬಂದಿದ್ದ ಹುಡುಗಿಯ ಸೋದರತ್ತೆಯನ್ನೂ ನಡುವೆ ನಿಲ್ಲಿಸಿ ತೆಗೆದರು. ಆ ಜೋಡಿ ಮದುವೆಗೆ ಬೇರೆಯವರನ್ನು ಕರೆಸಿಕೊಂಡಿತು.

ಕ್ಯಾಮೆರಾದ ಕಂತು ಮಾತ್ರ ಮುಹೂರ್ತ ನೋಡುತ್ತಿರಲಿಲ್ಲ, ತಿಂಗಳು ತಿಂಗಳು ಬರುತ್ತಿತ್ತು. ಎರಡು ಕಂತು ತಪ್ಪಿದವು. ಮೂರನೆಯದೂ ತಪ್ಪಿದರೆ ಕ್ಯಾಮೆರಾ ಎತ್ತಿಕೊಂಡು ಹೋಗುತ್ತೇವೆ ಅಂತ ಫೈನಾನ್ಸಿನವರು ಸ್ಟುಡಿಯೋ ಬಾಗಿಲಲ್ಲೇ ಹೇಳಿ ಹೋದರು. ಗೋಡೆ ತೆಳ್ಳಗಿತ್ತಲ್ಲ, ನನಗೂ ಕೇಳಿಸಿತು. ಕ್ಯಾಮೆರಾ ಹೋದರೆ ಮುಂದಿನ ಸೀಜನ್ ಇಲ್ಲ, ಸೀಜನ್ ಇಲ್ಲದಿದ್ದರೆ ಸ್ಟುಡಿಯೋ ಇಲ್ಲ. ಅವರಿಗೆ ಬರಬೇಕಾಗಿದ್ದ ದೊಡ್ಡ ಬಾಕಿ ಅಂದರೆ ಹೊಳಲ್ಕೆರೆಯ ರತ್ನಮ್ಮನವರ ಮನೆಯದು.

ರತ್ನಮ್ಮನ ಮಗಳು ಶ್ವೇತಾಳ ಮದುವೆ ಚಿತ್ರದುರ್ಗದಲ್ಲಿ ಜೋರಾಗಿ ನಡೆದಿತ್ತು. ಮೇಕಪ್ ನನ್ನದು, ಫೋಟೋ ಓಂಕಾರಣ್ಣನದು. ಆಲ್ಬಮ್ ತಯಾರಾಗಿ ಬರುವಷ್ಟರಲ್ಲಿ ಮದುವೆಯೇ ಮುರಿದಿತ್ತು. ಹುಡುಗಿ ತಾಯಿಯ ಮನೆಗೆ ಬಂದು ಕೂತಿದ್ದಳು. ಅಳಿಯನ ಕಡೆಯವರು "ನಮಗೇನು ಸಂಬಂಧ" ಅಂದರು, ರತ್ನಮ್ಮ ಫೋನ್ ಎತ್ತಲಿಲ್ಲ. ಆಲ್ಬಮ್ ಅಚ್ಚು ಹಾಕಿಸಿದ ಖರ್ಚನ್ನು ಓಂಕಾರಣ್ಣ ಆಗಲೇ ಕೈಯಿಂದ ಕಟ್ಟಿದ್ದರು.

"ಗಂಡು ದಿಕ್ಕಿಲ್ಲದ ಮನೆ, ನಾನೊಬ್ನೇ ಹೋಗಿ ಜೋರು ಮಾಡಿದ್ರೆ ಚೆಂದಿರಲ್ಲ. ನೀನೂ ಬಾರಮ್ಮ, ಹೋಗಾಣ," ಅಂದರು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ನನ್ನ ಮುಂದೆ ಅಭ್ಯಾಸ ಮಾಡಿಕೊಂಡರು. "ಮದುವೆ ಮುರಿದಿರಬೋದು ತಾಯಿ, ನಾನು ತೆಗೆದ ಫೋಟೋ ಮುರಿದಿಲ್ಲ. ಹೆಂಗೈತೆ?" ಅಂತ ಕೇಳಿದರು. ಚೆನ್ನಾಗಿದೆ, ಮೆತ್ತಗಾಗಬೇಡಿ ಅಂದೆ.

ರತ್ನಮ್ಮ ಬಾಗಿಲು ತೆಗೆದವರೇ ಆಲ್ಬಮ್ ಚೀಲ ನೋಡಿ ಬಾಯಿಗೆ ಸೆರಗು ಹಿಡಿದರು. "ಯಾರಿಗೆ ಬೇಕ್ರಿ ಅದು? ಒಲೆಗೆ ಹಾಕ್ರಿ." ಓಂಕಾರಣ್ಣ ಅಭ್ಯಾಸ ಮಾಡಿದ್ದ ಮಾತನ್ನು ಅರ್ಧ ಹೇಳಿದರು. ಅಷ್ಟರಲ್ಲಿ ಶ್ವೇತಾ ಒಳಗಿನಿಂದ ನೀರು ತಂದಳು. ಎಣ್ಣೆ ಕಾಣದ ತಲೆ, ಮಾಸಿದ ನೈಟಿ. ನಾನು ಅಲಂಕಾರ ಮಾಡಿದ್ದ ಹುಡುಗಿ ಇವಳೇನಾ ಅನ್ನಿಸಿತು.

"ಅಣ್ಣ, ಒಂದ್ಸಲ ತೋರಿಸ್ರಿ," ಅಂದಳು.

ನೆಲದ ಮೇಲೆ ಕೂತು ಒಂದೊಂದೇ ಹಾಳೆ ಮಗುಚಿದಳು. ಗಂಡನಿದ್ದ ಹಾಳೆಗಳನ್ನು ಬೇಗ ಬೇಗ ದಾಟಿದಳು. ಅರಿಶಿನ ಹಚ್ಚುವಾಗ ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಿದ್ದ ಒಂದು ಫೋಟೋ ಬಂತು. ಅಲ್ಲಿ ನಿಂತಳು. ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ ಕೇಳಿದಳು: "ಅಕ್ಕ, ನಾನು ಇಷ್ಟು ಚೆನ್ನಾಗಿದ್ನಾ?"

"ಈಗ್ಲೂ ಇದ್ದೀಯ ಕಣೆ, ತಲೆ ಬಾಚ್ಕೋಬೇಕಷ್ಟೆ," ಅಂದೆ. ಅವಳು ನಕ್ಕಳು. ಮಗಳು ನಕ್ಕಿದ್ದನ್ನು ನೋಡಿ ರತ್ನಮ್ಮ ಗೋಡೆಗೆ ಒರಗಿ ಅಳಲು ಶುರುಮಾಡಿದರು. ಕಣ್ಣು ಒರೆಸಿಕೊಂಡು, ಕಿವಿಯ ಓಲೆಗೆ ಕೈ ಹಾಕಿ, "ಇದನ್ನ ಅಡ ಇಟ್ಟು ಸಾಯಂಕಾಲದೊಳಗೆ ಕೊಡ್ತೀನ್ರಿ. ಅಷ್ಟೊತ್ತು ಕುಂತ್ಕಳ್ರಿ, ಒಂದು ತುತ್ತು ಉಣ್ರಿ," ಅಂದರು.

"ಅಮ್ಮ, ಅವ್ರು ಉಣ್ಣಲ್ಲ," ಅಂದಳು ಶ್ವೇತಾ. "ನನ್ನ ಮದುವೇಲೂ ಉಣ್ಣಲಿಲ್ಲ. ಬಾಕಿ ಇರೋ ಮನೇಲಿ ಅಣ್ಣ ಉಣ್ಣಲ್ವಂತೆ, ಮೇಕಪ್ ಮಾಡ್ವಾಗ ಅಕ್ಕ ಹೇಳಿದ್ರು."

ಓಂಕಾರಣ್ಣ ಎದ್ದು ಹಿತ್ತಿಲಿಗೆ ಹೋಗಿ ಕೈಕಾಲು ತೊಳೆದು ಬಂದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಮುದ್ದೆ ಐತೇನಮ್ಮ? ಹಾಕು," ಅಂದರು.

ನಾನು ಅವರನ್ನೇ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಒಂದು ಮುದ್ದೆ ಮುಗಿಸಿ ಇನ್ನೊಂದು ಹಾಕಿಸಿಕೊಂಡರು. ಸಾರು ಚೆನ್ನಾಗಿದೆ ಅಂದರು. ಆಲ್ಬಮ್ ಅಲ್ಲೇ ಬಿಟ್ಟು, "ಓಲೆ ತೆಗೀಬ್ಯಾಡ ತಾಯಿ, ಬರ್ತೀವಿ" ಅಂತ ಹೊರಟೇಬಿಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ನನ್ನ ಸಿಟ್ಟು ನೆತ್ತಿಗೇರಿತು. "ನಿಮಗೆ ಬುದ್ಧಿ ಐತೇನ್ರಿ? ಮನೇಲಿ ಹೆಂಡ್ತಿ ಇದ್ದಾರೆ. ಕ್ಯಾಮೆರಾ ಹೋದ್ರೆ ಏನ್ ಮಾಡ್ತೀರ?" ಅಂತ ಜನರ ಎದುರೇ ಜಗಳಕ್ಕೆ ನಿಂತೆ. ಅವರು ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತಾ, "ಹಸಿವಾಗಿತ್ತು ಕಣಮ್ಮ," ಅಂದರು.

ಆ ತಿಂಗಳು ಕ್ಯಾಮೆರಾ ಹೋಯಿತು. ಒಂದು ಊಟಕ್ಕೆ ಸ್ಟುಡಿಯೋ ಮುಚ್ಚಿತು ಅಂದರೆ ಸುಳ್ಳು. ಹೋಗುವುದಿತ್ತು, ಒಂದು ಸೀಜನ್ ಮುಂಚೆ ಹೋಯಿತು. ಆಮೇಲೆ ಅವರು ಆಧಾರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದರು. ಕಂಪ್ಯೂಟರಿಗೆ ಸಿಕ್ಕಿಸಿದ ಪುಟ್ಟ ಕ್ಯಾಮೆರಾದಲ್ಲಿ ದಿನವಿಡೀ ಜನರ ಮುಖ ತೆಗೆಯುವುದು. ಹೋಗಿ ಮಾತಾಡಿಸಿದಾಗ, "ತಿಂಗಳಿಗೆ ಸರಿಯಾಗಿ ಸಂಬಳ ಬರ್ತೈತೆ. ಆದ್ರೆ ಬಂದೋರು ಒಬ್ರೂ ಸೀರೆ ಹೆಂಗೈತೆ ಅಂತ ಕೇಳಲ್ಲ," ಅಂದಿದ್ದರು. ಪಕ್ಕದ ಅಂಗಡಿಗೆ ಮೊಬೈಲ್ ರಿಪೇರಿಯವರು ಬಂದರು. ಗೋಡೆಯಾಚೆ ಓಂಕಾರಣ್ಣನ ಕೆಮ್ಮು ಕೇಳದೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಹಾಲುರಾಮೇಶ್ವರದಲ್ಲಿ, ಅವರು ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳ ಮುಂಚೆ. ಶ್ವೇತಾಳಿಗೆ ಎರಡನೇ ಮದುವೆ ಕೂಡಿಬಂದಿತ್ತು. ಹುಡುಗ ಹಾಲಿನ ಡೈರಿಯಲ್ಲಿ ಕೆಲಸದವನು, ಅವನಿಗೂ ಎರಡನೆಯದು. ದೇವಸ್ಥಾನದಲ್ಲಿ ಹತ್ತಿರದವರಷ್ಟೇ ಸೇರಿ ಮಾಡುವ ಮದುವೆ, ಫೋಟೋದವರು ಬೇಡ ಅಂತ ತೀರ್ಮಾನವಾಗಿತ್ತು. ಆದರೆ ಅವಳು ನನಗೆ ಫೋನ್ ಮಾಡಿ, "ಓಂಕಾರಣ್ಣನ್ನ ಕರ್ಕಂಬಾ ಅಕ್ಕ," ಅಂದಳು. ಅವರ ಹತ್ತಿರ ಈಗ ಕ್ಯಾಮೆರಾ ಇಲ್ಲ ಅಂದೆ. "ಕ್ಯಾಮೆರಾ ಯಾಕೆ? ಅವ್ರು ಬರ್ಲಿ," ಅಂದಳು.

ಓಂಕಾರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಕೈಗಳನ್ನು ಎಲ್ಲಿಡಬೇಕು ಅಂತ ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಹಿಂದೆ ಕಟ್ಟಿಕೊಂಡರು, ಒಮ್ಮೆ ಜೇಬಿಗೆ ಹಾಕಿದರು. "ಇಷ್ಟು ವರ್ಷ ಮದುವೆ ತೆಗೆದಿದೀನಿ ಗಿರಿಜಮ್ಮ, ಒಂದು ಮದುವೆಗೂ ಹೋಗಿಲ್ಲ ನೋಡು," ಅಂದರು. ಯಾರೋ ಬಂದು ಎಲ್ಲರ ಕೈಗೂ ಅಕ್ಷತೆ ಕೊಟ್ಟರು. ಅವರ ಅಂಗೈಗೂ ಒಂದು ಹಿಡಿ ಬಿತ್ತು.

ವಾಲಗದವರು ಗಟ್ಟಿಮೇಳ ಎತ್ತಿದರು. ಹುಡುಗ ತಾಳಿ ಕಟ್ಟಿದ. ನಾವೆಲ್ಲ ಅಕ್ಷತೆ ಎರಚಿದೆವು. ಓಂಕಾರಣ್ಣ ಮಾತ್ರ ಒಂದು ಕಾಲು ಮುಂದಿಟ್ಟು, ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ ಮೂರನೇ ಗಂಟು ಬೀಳುವ ತನಕ ನೋಡುತ್ತಾ ನಿಂತಿದ್ದರು. ವಾಲಗ ನಿಂತಿತು. ಜನ ಚದುರಿದರು. ಅವರ ಮುಷ್ಟಿ ಹಾಗೇ ಬಿಗಿಯಾಗಿತ್ತು.

"ಅಣ್ಣ, ಅಕ್ಷತೆ," ಅಂದೆ.

ಅವರು ಕೈ ಬಿಚ್ಚಿ ನೋಡಿಕೊಂಡರು. ಅಕ್ಕಿ ಬೆವರಿಗೆ ಒದ್ದೆಯಾಗಿ ಅಂಗೈಗೆ ಅಂಟಿತ್ತು. "ಯಾವಾಗ ಎಸೀಬೇಕು ಅಂತ ಗೊತ್ತಾಗ್ಲಿಲ್ಲ ಕಣಮ್ಮ," ಅಂದರು, ಸಣ್ಣ ಮಗುವಿನ ಮುಖ ಮಾಡಿ.

ಅದನ್ನು ಶ್ವೇತಾ ಕೇಳಿಸಿಕೊಂಡಳು. ಹಸೆಯಿಂದ ಎದ್ದು, ಸೆರಗು ಹೊದ್ದು, ನೇರವಾಗಿ ಅವರ ಮುಂದೆ ಬಂದು ತಲೆ ಬಾಗಿಸಿ ನಿಂತಳು. "ಈಗ ಹಾಕ್ರಣ್ಣ," ಅಂದಳು.